ರಾಯರ ಗಂಗಾಳ

ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮ ಗುರುಬಸವನಿಗೆ ರಾಜ್ಯವೊಂದನ್ನು ಬಿಟ್ಟು ರಾಜನಿಗೆ ಬೇಕಾದದ್ದೆಲ್ಲ ಇದೆ. ತೊಟ್ಟಿಲಲ್ಲಿದ್ದಾಗಿನಿಂದ ಅವನ ಅವ್ವ ಶೇಖರಮ್ಮ ಕರೆಯುವುದೇ 'ರಾಜಾ' ಎಂದು. ಕಾರಿನ ಹಿಂದಿನ ಗಾಜಿಗೆ ಕಿರೀಟದ ಸ್ಟಿಕ್ಕರ್, ಮದುವೆ ಆ್ಯಪಿನಲ್ಲಿ ಕಪ್ಪು ಕನ್ನಡಕದ ಫೋಟೊ, ಅದರ ಕೆಳಗೆ 'ಈ ರಾಜನಿಗೊಬ್ಬಳು ರಾಣಿ ಬೇಕು'. ಹುಡುಗ ಒಳ್ಳೆಯವನೇ, ಸುಳ್ಳು ಹೇಳಬಾರದು. ಆದರೆ ಉಂಡ ಗಂಗಾಳ ಎತ್ತಿ ಗೊತ್ತಿಲ್ಲ. ಅದರಲ್ಲೇ ಕೈ ತೊಳೆದು ಎದ್ದು ಹೋಗುತ್ತಾನೆ, ಅವ್ವ ಹಿಂದೆಯೇ ಬಂದು ಎತ್ತುತ್ತಾಳೆ. ಪಕ್ಕದ ಮನೆಯವಳಾದ ನನಗೆ ನೋಡಿದಾಗಲೆಲ್ಲ ಮೈ ಉರಿಯುತ್ತದೆ.

ಲಿಂಗಸುಗೂರಿನ ಹುಡುಗಿಯೊಬ್ಬಳು ಆ ಫೋಟೊ ನೋಡಿಯೇ ಒಲ್ಲೆ ಎಂದಳು. ಮಸ್ಕಿಯ ಶಿವಕುಮಾರಿ ಒಪ್ಪಿದಳು. ಅವಳದು ಬ್ಲೌಸ್ ಹೊಲಿಯುವ ಅಂಗಡಿ, ಬೋರ್ಡಿನ ಮೇಲೆ 'ಮಹಾರಾಣಿ ಟೇಲರ್ಸ್'. ರಾಣಿಯಾಗುವ ಆಸೆ ಅವಳಿಗೇನೂ ಕಡಿಮೆ ಇರಲಿಲ್ಲ. ಇಬ್ಬರೂ ಫೋನ್ ಹಿಡಿದರೆ ಬಿಡುತ್ತಿರಲಿಲ್ಲ. ನಮ್ಮ ರಾಜ ಪೂರ್ತಿ ಬಿದ್ದುಹೋಗಿದ್ದ.

"ನಿನ್ನ ರಾಣಿ ಹಂಗ ಇಡ್ತೀನಿ," ಅಂದನಂತೆ ಒಂದು ದಿನ.

"ಹಂಗಾದ್ರ ನೀವು ಉಂಡ ಗಂಗಾಳ ಯಾರು ತೊಳೀತಾರ್ರಿ?"

"ಈಗ ಅವ್ವ ತೊಳೀತಾಳ. ಆಮ್ಯಾಲ ನೀ ಇರ್ತಿಯಲ್ಲ!"

ಅವಳು ನಗಲಿಲ್ಲ. ಇವನಿಗದು ಗೊತ್ತಾಗಲೂ ಇಲ್ಲ.

ನಿಶ್ಚಿತಾರ್ಥ ಮಸ್ಕಿಯಲ್ಲಿ, ಹುಡುಗಿಯ ಮನೆಯಲ್ಲೇ. ಬೀಗರೆಂದು ನಮಗೆಲ್ಲ ಸ್ಟೀಲಿನ ಗಂಗಾಳದಲ್ಲಿ ಹೋಳಿಗೆ ಊಟ. ಉಂಡ ಗುರುಬಸವ ಎಂದಿನಂತೆ ಗಂಗಾಳದಲ್ಲೇ ಕೈ ತೊಳೆದು ಕೂತ. ಇನ್ನು ಉಂಗುರ ಹಾಕುವುದೊಂದು ಬಾಕಿ. ಅಷ್ಟರಲ್ಲಿ ಹೆಂಗಸರು ಶಿವಕುಮಾರಿಯನ್ನು ಸುತ್ತುವರಿದು, ಒಡಪು ಹಾಕಿ ಗಂಡನ ಹೆಸರು ಹೇಳು ಎಂದು ಕಾಡತೊಡಗಿದರು. ನಮ್ಮ ಕಡೆ ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಪ್ರಾಸ ಕಟ್ಟಿ, ಅದರ ತುದಿಗೆ ಹೆಸರು ಸೇರಿಸಬೇಕು. ಅವಳು ಸೆರಗು ಸರಿಮಾಡಿಕೊಂಡು ಶುರುಮಾಡಿದಳು:

"ಮಸ್ಕಿ ಗುಡ್ಡಕ್ಕ ಮೆಟ್ಟಿಲ ಸಾಲು,
ಗಡಿಗಿ ತುಂಬ ಕೆನಿ ಹಾಲು,
ರಾಯರು ತಮ್ಮ ಗಂಗಾಳ ತೊಳೀಲಿ,
ಆಮ್ಯಾಲ ಅವರ ಹೆಸರು ನನ್ನ ಬಾಯಲಿ."

ಹೆಸರು ಬರಲೇ ಇಲ್ಲ. ಹೆಂಗಸರ ನಗು ಅರ್ಧಕ್ಕೆ ನಿಂತಿತು.

"ಹೆಸರು ಹೇಳವಾ," ಅಂದರು ಅವಳ ತಾಯಿ ಗಾಬರಿಯಿಂದ.

"ತೊಳೀದಿದ್ರ ಹೇಳಂಗಿಲ್ಲ ಯವ್ವಾ. ಉಂಗುರನೂ ಬ್ಯಾಡ."

ಗುರುಬಸವನ ಮುಖ ಕೆಂಪಾಯಿತು. ಸಿಟ್ಟಿನಲ್ಲಿ ಎದ್ದು ಹೋಗಿಬಿಡುತ್ತಾನೆ ಅಂದುಕೊಂಡೆ. ಎದ್ದನೇನೋ ನಿಜ, ಆದರೆ ಗಂಗಾಳವನ್ನೂ ಎತ್ತಿಕೊಂಡ. ಬಚ್ಚಲು ಎಲ್ಲಿದೆಯೋ ಗೊತ್ತಿಲ್ಲ, ನೆಟ್ಟಗೆ ದೇವರ ಕೋಣೆಗೆ ನಡೆದ. ಹೆಂಗಸರು ಕೂಗಿ ತಿರುಗಿಸಿದರು. ಮೈಸೋಪು ಹಚ್ಚಿ ತಿಕ್ಕಿ, ರೇಷ್ಮೆ ಅಂಗಿಯನ್ನೆಲ್ಲ ತೋಯಿಸಿಕೊಂಡು ಬಂದು, ಗಂಗಾಳವನ್ನು ಅವಳ ಮುಂದೆ ಹಿಡಿದ. ತುಪ್ಪದ ಜಿಡ್ಡು ಇನ್ನೂ ಹಾಗೇ ಇತ್ತು.

"ಗುರುಬಸವ," ಎಂದಳು ಶಿವಕುಮಾರಿ. ಒಡಪಿಲ್ಲ, ಏನಿಲ್ಲ, ಬರೀ ಹೆಸರು. ಮನೆಯೆಲ್ಲ ನಗು.

ಶೇಖರಮ್ಮ ಮಾತ್ರ ನಗಲಿಲ್ಲ. ಮಗನ ಒದ್ದೆ ಕೈಗಳನ್ನೇ ನೋಡುತ್ತ ಕೂತಿದ್ದಳು. ಈಗ ಬೈಯುತ್ತಾಳೆ, ಸಂಬಂಧ ಮುರಿಯುತ್ತದೆ ಎಂದೇ ನನಗನ್ನಿಸಿತು. ಅವಳು ತನ್ನ ಎಂಜಲು ಗಂಗಾಳವನ್ನು ಮೆಲ್ಲಗೆ ಅವನ ಕಡೆ ಸರಿಸಿದಳು.

"ಇದನ್ನೂ ತೊಳಿ, ರಾಜಾ."