ಗಾಜಿನ ಬೀರುವಿನ ಚಾಕುಗಳು

ನನ್ನ ಭಾವಮೈದನಿಗೆ ದುಬಾರಿ ಚಾಕುಗಳನ್ನು ಕೂಡಿಡುವ ಹುಚ್ಚು. ಅಶೋಕಪುರಂನ ಅವನ ಮನೆಯಲ್ಲಿ, ದೇವರ ಫೋಟೊಗಳಿಗಿಂತ ಎತ್ತರದಲ್ಲಿ, ಅವುಗಳಿಗೆಂದೇ ಒಂದು ಗಾಜಿನ ಬೀರು ಇದೆ. ಅದರೊಳಗಿನ ಹನ್ನೊಂದು ಚಾಕುಗಳಲ್ಲಿ ಒಂದೂ ಈರುಳ್ಳಿಯ ಮುಖ ಕಂಡಿಲ್ಲ.

ನಾನು ಹೆಬ್ಬಾಳದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ಉಕ್ಕಿನ ಜೊತೆ ಬದುಕಿದವನು. ಹೊಸದಾಗಿ ತರಿಸಿದ, ಅಲಗಿನ ತುಂಬ ಅಲೆಅಲೆ ಗೆರೆಗಳಿದ್ದ ಚಾಕುವನ್ನು ಅವನು ನನ್ನ ಕೈಗಿತ್ತು, ಬೆಲೆ ಊಹಿಸಿ ಎಂದ. ಹಿಡಿಯ ಬುಡದಲ್ಲಿ ಅಲಗು ಸಣ್ಣಗೆ ಅಲ್ಲಾಡುತ್ತಿತ್ತು.

"ಗೆರೆ ಚೆನ್ನಾಗವೆ ಕಣೋ. ಹಿಡಿ ಮಾತ್ರ ಸಡಿಲ," ಅಂದೆ.

"ನಿಮ್ಗೆ ಕಾರ್ಖಾನೆ ಕಬ್ಬಿಣ ಗೊತ್ತು, ಭಾವ. ಇದು ಕಲೆ," ಎಂದು ನಕ್ಕ.

ಆಯುಧಪೂಜೆಯ ದಿನ ಕಾರಿನ ಮುಂದೆ ಬೂದುಗುಂಬಳಕಾಯಿ ಒಡೆಯಲು ಅದೇ ಚಾಕು ಹೊರಬಂತು. ಅಕ್ಕಪಕ್ಕದವರೆಲ್ಲ ನೋಡುತ್ತಿದ್ದಾರೆಂದು ಅವನು ಕೈಯನ್ನು ತಲೆಗಿಂತ ಮೇಲೆತ್ತಿ ಹೊಡೆದ. ಅಲಗು ಕಾಯಿಯಲ್ಲಿ ಸಿಕ್ಕಿಕೊಂಡಿತು, ಹಿಡಿ ಅವನ ಕೈಯಲ್ಲಿ ಉಳಿಯಿತು.

"ಬುಡೋ ಆ ಆಟದ್ ಸಾಮಾನ್ನ," ಎಂದು ಅವನ ತಾಯಿ ಹಿತ್ತಲಿನಿಂದ ಎಳನೀರು ಕೆತ್ತುವ ಮಚ್ಚು ತಂದುಕೊಟ್ಟರು. ನಾನೇ ಅಲಗನ್ನು ಕಿತ್ತು ತೆಗೆದೆ. ಮಚ್ಚಿನ ಒಂದೇ ಏಟಿಗೆ ಕಾಯಿ ಎರಡು ಹೋಳಾಯಿತು. ನನಗೆ ನಗು ಬಂತು. ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ಮುಂದಿನ ವಾರ ಹೋದಾಗ ಅಂಟು ಹಾಕಿ ಕೂಡಿಸಿದ ಚಾಕು ಮತ್ತೆ ಬೀರುವಿನಲ್ಲಿತ್ತು. ಬಂದಿದ್ದ ಸ್ನೇಹಿತನಿಗೆ ಭಾವಮೈದ ಗಂಭೀರವಾಗಿ ಹೇಳುತ್ತಿದ್ದ: "ಇದು ಕೆಲಸ ಮಾಡಿರೋ ಚಾಕು. ಅದಕ್ಕೇ ಬೆಲೆ ಜಾಸ್ತಿ."

ನಾನು ಕಾಫಿ ಮುಗಿಸಿ ಎದ್ದೆ.