ಸರ್ಕಾರಿ ಗುಡ್ಡದಲ್ಲಿ ನಮ್ಮ ಸರದಿ

ಆಗೆಲ್ಲ, ನಾನು ಐದನೇ ಕ್ಲಾಸಿನಲ್ಲಿದ್ದ ತೊಂಬತ್ತರ ದಶಕದಲ್ಲಿ, ನಾಗಮಂಗಲದ ಕಡೆಯ ನಮ್ಮೂರಲ್ಲಿ ದನಕ್ಕೆ ಮೇವು ಕೊಂಡು ತಂದವರನ್ನು ನಾನು ಕಂಡಿಲ್ಲ. ಊರ ಹಿಂದಿನ ಸರ್ಕಾರಿ ಕಾಡುಗುಡ್ಡವೇ ಗತಿ. ದಿನಕ್ಕೊಂದು ಮನೆಯವರು ಊರ ದನವನ್ನೆಲ್ಲ ಅಲ್ಲಿಗೆ ಹೊಡೆದುಕೊಂಡು ಹೋಗಬೇಕು. ಅದಕ್ಕೆ ಸರದಿ ಅನ್ನುತ್ತಿದ್ದೆವು. ಭಾನುವಾರ ನಮ್ಮ ಸರದಿ ಬಂದರೆ ನನಗೆ ಹಬ್ಬ. ಅಜ್ಜಿಯ ಹಿಂದೆ ಹೋಗಿ ಕಾರೆಹಣ್ಣು ಕಿತ್ತು, ಬಂಡೆ ನೆರಳಲ್ಲಿ ಅಣ್ಣೆಕಲ್ಲಾಟ ಆಡಿ, ರಾಗಿ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಬಳಿದುಕೊಂಡು ತಿನ್ನುತ್ತಿದ್ದೆ.

ಆ ವರ್ಷ ಸಂಕ್ರಾಂತಿ ಕಳೆಯುತ್ತಲೇ ಕಲ್ಲು ಗಣಿಯವರು ಬಂದರು. ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ಗುಡ್ಡದ ಬಂಡೆಗೆ ತೂತು ಕೊರೆದು ಕೆಂಪು ಬಾವುಟ ನೆಟ್ಟರು. ಭಾನುವಾರ ಮದ್ದು ಸಿಡಿಸುತ್ತೇವೆ, ದನ ಬಿಡಬೇಡಿ ಎಂದು ತಮಟೆ ಹೊಡೆಸಿದರು. ಆ ಭಾನುವಾರದ ಸರದಿ ನಮ್ಮದೇ.

ಅಪ್ಪ ಹೋಗಬೇಡ ಅಂದ, ಪೊಲೀಸರು ಬಂದಾರು ಎಂದು ಹೆದರಿಸಿದ. ಅಜ್ಜಿ ಕೋಲು ಎತ್ತಿಕೊಂಡಳು.

"ಒಂದ್ಸಲ ಸರದಿ ತಪ್ಪುದ್ರೆ ಗುಡ್ಡ ಅವರ್ದೇ ಆಗೋಯ್ತದೆ ಕಣ್ಲಾ. ದಾರಿ ಬುಡು."

ದನ ಹೊಡೆದುಕೊಂಡು ಹೋಗಿ ನಾನೂ ಅಜ್ಜಿಯೂ ಬಾವುಟದ ಪಕ್ಕದಲ್ಲೇ ಕೂತೆವು. ದನಗಳು ಸುತ್ತ ಹರಡಿಕೊಂಡವು. ಗಣಿಯ ಮೇಸ್ತ್ರಿ ವಿಷಲ್ ಊದಿದ್ದೇ ಊದಿದ್ದು. ಸದ್ದಿಗೆ ಹೆದರಿ ದನ ಓಡುತ್ತವೆ ಅಂದುಕೊಂಡಿದ್ದ, ಪಾಪ! ನಮ್ಮ ದನ ಅಜ್ಜಿಯ ಕೂಗಿಗಲ್ಲದೆ ಏಳುತ್ತಿರಲಿಲ್ಲ. ಸತ್ತರೆ ನಮ್ಮನ್ನು ಕೇಳಬೇಡಿ ಎಂದು ಅವನು ಗದರಿದಾಗ ನನಗೆ ಅಳು ಬಂತು. ಅಜ್ಜಿ ನನ್ನ ಕೈಗೆ ರೊಟ್ಟಿ ಕೊಟ್ಟು ತಾನೂ ತಿನ್ನತೊಡಗಿದಳು.

ಮಧ್ಯಾಹ್ನವಾದರೂ ಮದ್ದಿನ ಸದ್ದು ಕೇಳಲಿಲ್ಲವೆಂದು ಊರವರು ಗುಡ್ಡ ಹತ್ತಿ ಬಂದರು. ಎಲ್ಲರಿಗಿಂತ ಮುಂದೆ ಅಪ್ಪ. ಮೇಸ್ತ್ರಿ ರೇಗಿ, ಇವತ್ತಿನ ಸರದಿ ಯಾರದು, ಅವರ ಮೇಲೆ ಕೇಸು ಹಾಕಿಸುತ್ತೇನೆ ಎಂದ.

"ನಮ್ದು" ಅಂದ ಅಪ್ಪ.

"ನಮ್ದೂವೆ" ಅಂದರು ಬಡಗಿ ಮನೆಯವರು. ಆಮೇಲೆ ಒಬ್ಬರಾದ ಮೇಲೊಬ್ಬರು ಎಲ್ಲರೂ ಅದನ್ನೇ ಅಂದರು. ಮೇಸ್ತ್ರಿ ಯಾರ ಹೆಸರು ಹಿಡಿದಾನು?

ಮಾರನೆಯ ದಿನದಿಂದ ಪ್ರತಿ ಮನೆಯಿಂದಲೂ ಒಬ್ಬರು ದನದ ಜೊತೆ ಗುಡ್ಡದಲ್ಲಿದ್ದರು. ಮುಂಗಾರು ಮಳೆ ಬೀಳುವ ಮೊದಲೇ ಗಣಿಯವರು ಗಂಟುಮೂಟೆ ಕಟ್ಟಿದರು.

ಗುಡ್ಡ ಈಗಲೂ ಇದೆ. ಅಜ್ಜಿ ಇಲ್ಲ. ಸೀಮೆಹಸುಗಳು ಕೊಟ್ಟಿಗೆಯಲ್ಲೇ ನಿಂತು ಮೂಟೆ ಫೀಡು ತಿನ್ನುತ್ತವೆ. ದನ ಹೋಗುತ್ತಿದ್ದ ಹಾದಿ ಲಂಟಾನದಲ್ಲಿ ಮುಚ್ಚಿಹೋಗಿದೆ. ಅಷ್ಟು ಹಟ ಹಿಡಿದು ಉಳಿಸಿಕೊಂಡ ಕಾಡಿಗೆ ನಾವೇ ಹೋಗುವುದನ್ನು ಬಿಟ್ಟೆವಲ್ಲ ಎಂದು ಹೊಟ್ಟೆ ಉರಿಯುತ್ತದೆ. ನಾಳೆ ಮತ್ತೆ ಯಾರಾದರೂ ಮದ್ದು ಹೊತ್ತು ಬಂದರೆ ಅಡ್ಡ ಬಿಡಲು ದನಗಳಿಲ್ಲ, ನಾವೇ ಹೋಗಿ ಕೂರಬೇಕು. ಬರಲಿ, ನಾನಂತೂ ಕೂರುತ್ತೇನೆ.