ಎಡಗಣ್ಣಿನ ಕೆಳಗಿನ ಸುಳಿ

ಆ ಕುದುರೆಯ ಎಡಗಣ್ಣಿನಿಂದ ಮೂರು ಬೆರಳು ಕೆಳಗೆ ಕೂದಲು ಸುತ್ತಿಕೊಂಡು ಒಂದು ಸುಳಿ ಇತ್ತು. ಅದನ್ನು ಮೊದಲು ತೋರಿಸಿ ಮಾತು ತೆಗೆದವನು ನಾನೇ. ಹಾಗಾಗಿ ಆಮೇಲೆ ನಡೆದದ್ದಕ್ಕೆ ಬೇರೆ ಯಾರನ್ನೂ ದೂರುವ ಹಾಗಿಲ್ಲ.

ಭದ್ರಾವತಿಯ ಜನ್ನಾಪುರದಲ್ಲಿ ನನ್ನದೊಂದು ಬೂಸಾ, ಹಿಂಡಿ ಅಂಗಡಿ. ಯಾರೂ ಇಟ್ಟುಕೊಟ್ಟದ್ದಲ್ಲ, ಸೈಕಲ್ ಮೇಲೆ ಮೂಟೆ ಹೇರಿಕೊಂಡು ದನ ಕಟ್ಟಿದವರ ಮನೆಮನೆಗೆ ಹಾಕಿ ಮಾಡಿಕೊಂಡದ್ದು. ನಮ್ಮ ದಾದಾ, ಅಂದರೆ ಅಪ್ಪನ ಅಪ್ಪ, ಜಟಕಾ ಓಡಿಸುತ್ತಿದ್ದವರು. ಸವಾರಿ ನನಗೆ ಬಂದದ್ದು ಅವರಿಂದ, ಜೀನಿಲ್ಲದ ಬೆನ್ನಿನ ಮೇಲೆ. ಅಂಗಡಿ ಒಂದು ನೆಲೆಗೆ ಬಂದ ಮೇಲೆ ಮದುವೆಗಳಿಗೆ ಬಾಡಿಗೆಗೆ ಬಿಡಲು ಒಂದು ಕುದುರೆ ಇದ್ದರೆ ಹೇಗೆ ಅನ್ನಿಸಿತು. ಶಿವಮೊಗ್ಗದಲ್ಲಿ ಒಬ್ಬರು ಬಿಳಿ ಹೆಣ್ಣುಕುದುರೆ ಮಾರ್ತಾರಂತೆ ಅಂತ ಗಾಂಧಿ ಬಜಾರಿನ ಮಂಡಿಯಲ್ಲಿ ಕೇಳಿ ಹೋದೆ.

ಕೊಳ್ಳುವವರಿಗೆ ಒಂದು ಮಾತು ಹೇಳಿಬಿಡ್ತೀನಿ. ಇಷ್ಟವಾದ ಮಾಲನ್ನು ಎರಡು ಸಲ ನೋಡಬೇಡಿ, ಅದರ ಪಕ್ಕದಲ್ಲಿರೋದನ್ನು ನೋಡಿ. ನಾನು ನೀರಿನ ಬಕೆಟ್ ನೋಡಿದೆ, ಗೋಡೆ ನೋಡಿದೆ, ಆಮೇಲೆ ಬಂದ ತಪ್ಪಿಗೆ ಅನ್ನೋ ಹಾಗೆ ಹಲ್ಲು, ಗೊರಸು ನೋಡಿದೆ. ಆರು ವರ್ಷದ ಕುದುರೆ. ಕಾಲಲ್ಲಿ ಒಂದು ಊತ ಇಲ್ಲ, ಬಾಲ ಹಿಡಿದೆಳೆದರೂ ಒದೆಯದ ಸ್ವಭಾವ. ರೇಟು ಇಳಿಸಲು ಒಂದು ಕಾರಣ ಸಿಗುತ್ತಿರಲಿಲ್ಲ. ಆಗ ಸುಳಿ ಕಂಡಿತು.

"ಭಾಯ್, ಇದು ಕಣ್ಣೀರಿನ ಸುಳಿ ಅಲ್ವಾ?" ಅಂದೆ.

ಕುದುರೆ, ಎತ್ತು ಕೊಳ್ಳುವಾಗ ಸುಳಿ ನೋಡುವುದು ನಮ್ಮ ಕಡೆ ಹೊಸದಲ್ಲ. ಕುತ್ತಿಗೆಯ ಮೇಲಿದ್ದರೆ ಒಳ್ಳೆಯದು. ಕಣ್ಣಿನ ಕೆಳಗಿದ್ದರೆ ಅದು ಕಣ್ಣೀರು ಹರಿಯುವ ದಾರಿ, ಹತ್ತಿದವರ ಮನೆ ಅಳುತ್ತೆ ಅಂತ ಮಾತು. ಇಂಥದ್ದನ್ನೆಲ್ಲ ನಂಬಬಾರದು, ಕೊಡೋನು ಮೇಲಿದ್ದಾನೆ ಅಂತ ದಾದಾ ಹೇಳುತ್ತಿದ್ದರು. ಹಾಗೆ ಹೇಳಿದವರೇ ಸುಳಿ ನೋಡದೆ ಒಂದು ಕುದುರೆಯನ್ನೂ ಮನೆಗೆ ತಂದದ್ದಿಲ್ಲ. ನಾನು ನಂಬುತ್ತಿದ್ದೆನಾ? ಆ ಹೊತ್ತಿಗೆ ಆ ಪ್ರಶ್ನೆಯೇ ಏಳಲಿಲ್ಲ. ವ್ಯಾಪಾರಕ್ಕೆ ಕೂತವನು ಕೈಗೆ ಸಿಕ್ಕಿದ್ದನ್ನು ಬಳಸುತ್ತಾನೆ.

ಒಂದು ಗಂಟೆ ಮಾತಾಡಿದೆ. ಇಂಥ ಸುಳಿಯ ಕುದುರೆ ಕಟ್ಟಿ ಕೆಟ್ಟ ಮೂರು ಮನೆಗಳ ಕಥೆ ಹೇಳಿದೆ; ಎರಡು ಕೇಳಿದ್ದು, ಮೂರನೆಯದು ಅಲ್ಲೇ ಹುಟ್ಟಿದ್ದು. ಮಾರುವವನು ಮೊದಲು ನಕ್ಕ, ಆಮೇಲೆ ಬಗ್ಗಿ ಸುಳಿ ನೋಡಿದ. ಕೊನೆಗೆ, "ಇದು ಬಂದ ವರ್ಷವೇ ನಮ್ಮನೆಯವಳು ಮೆಟ್ಟಿಲು ಜಾರಿ ಸೊಂಟ ಮುರ್ಕೊಂಡ್ಲು. ನಂಗೆ ಹೊಳೆದೇ ಇರ್ಲಿಲ್ಲ ನೋಡಿ. ನೀವು ಹೇಳಿದ ರೇಟಿಗೇ ಹೊಡ್ಕೊಂಡು ಹೋಗಿ," ಅಂದ. ಗೆದ್ದು ಬಂದೆ. ಆದರೆ ಅವನು ಕಡೆಯದಾಗಿ ಆ ಕುದುರೆಯನ್ನು ನೋಡಿದ ನೋಟ ಯಾಕೋ ಜೊತೆಗೇ ಬಂತು.

ಬೇಸಿಗೆಯಲ್ಲಿ ಒಂದು ಮದುವೆ ಮೆರವಣಿಗೆಯಲ್ಲಿ ಕುದುರೆ ನೋಡಿದ ಮೇಡಂ ಒಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಶಿವಮೊಗ್ಗದ ಸವಳಂಗ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಮೈದಾನದಲ್ಲಿ ಅವರು ಮಕ್ಕಳ ಬೇಸಿಗೆ ಶಿಬಿರ ನಡೆಸುತ್ತಿದ್ದರು. "ಕುದುರೆ ಸವಾರಿನೂ ಇದೆ ಅಂತ ಬ್ಯಾನರ್ ಹಾಕಿಸಿಬಿಟ್ಟಿದ್ದೀನಿ, ಕಲಿಸೋರು ಸಿಕ್ಕಿಲ್ಲ," ಅಂದರು. ಬ್ಯಾನರ್ ಹಾಕಿಸಿ ಆಮೇಲೆ ಆಳು ಹುಡುಕುವವರ ಹತ್ತಿರ ಚೌಕಾಸಿ ಸುಲಭ. ನನ್ನ ಷರತ್ತಿಗೆಲ್ಲ ಒಪ್ಪಿದರು. ಹೀಗೆ ಬೂಸಾ ಮಾರುವವನು ಸವಾರಿ ಮೇಷ್ಟ್ರಾದೆ. ಮಕ್ಕಳು ನನ್ನನ್ನು ಕುದ್ರೆ ಸರ್ ಅಂದರು. ಕುದುರೆಯನ್ನು ಮೈದಾನದ ಶೆಡ್ಡಿನಲ್ಲೇ ಕಟ್ಟಿ ನಾನು ದಿನಾ ಬಸ್ಸಿನಲ್ಲಿ ಓಡಾಡಿದೆ.

ಕೆಲಸ ಚೆನ್ನಾಗಿಯೇ ನಡೆಯಿತು. ಮೊದಲ ದಿನ ಯಾರನ್ನೂ ಹತ್ತಿಸಲಿಲ್ಲ. ಮೈ ಉಜ್ಜುವುದು, ಅಂಗೈ ಚಪ್ಪಟೆ ಮಾಡಿ ಹುಲ್ಲು ಕೊಡುವುದು, ಅಷ್ಟೇ. ಎರಡನೇ ದಿನದಿಂದ ನಾನು ಮೈದಾನದ ನಡುವೆ ಉದ್ದ ಹಗ್ಗ ಹಿಡಿದು ನಿಂತೆ, ಅವರು ಒಬ್ಬೊಬ್ಬರಾಗಿ ನನ್ನ ಸುತ್ತ ಸುತ್ತಿದರು. ಕಲಿಸುವವರು ಇದೊಂದು ತಿಳ್ಕೊಳ್ಳಿ: ಮಕ್ಕಳಿಗೆ ಹೆದರಬೇಡ ಅನ್ನಬಾರದು, ಹಿಮ್ಮಡಿ ಕೆಳಗೆ ಒತ್ತು ಅನ್ನಬೇಕು. ಹಿಮ್ಮಡಿಯ ಯೋಚನೆಯಲ್ಲಿ ಹೆದರಿಕೆ ಮರೆತುಹೋಗುತ್ತೆ.

ಆರನೇ ದಿನ ಒಂದು ಹುಡುಗಿ ಇಳಿಯುವಾಗ ಶೂ ಲೇಸು ಸಿಕ್ಕಿಕೊಂಡು ಜಾರಿಬಿದ್ದಳು. ಮೊಣಕೈ ತರಚಿತು. ಕುದುರೆ ಕಲ್ಲಿನ ಹಾಗೆ ನಿಂತೇ ಇತ್ತು.

ಮರುದಿನ ಬೆಳಿಗ್ಗೆ ಆ ಹುಡುಗಿಯ ತಾತ ಬಂದರು. ಹಣೆ ತುಂಬ ವಿಭೂತಿ, ಬಿಳಿ ಪಂಚೆ, ಗದ್ದೆ ತೋಟ ಇರುವ ಯಜಮಾನರು. ಜೀವಮಾನವಿಡೀ ಎತ್ತು ಕಟ್ಟಿದವರು ಅನ್ನುವುದು ಕುದುರೆಯ ಹತ್ತಿರ ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಜಗಳಕ್ಕೆ ಬಂದವರಲ್ಲ. ಒಂದು ಸುತ್ತು ಬಂದು, ಕುದುರೆಯ ಮುಖ ಬೆಳಕಿಗೆ ತಿರುಗಿಸಿ, ಸುಳಿಯ ಮೇಲೆ ಹೆಬ್ಬೆರಳಿಟ್ಟರು.

"ಸಾಬ್ರೇ, ಇದೇನಿದು?"

"ಕೂದಲು, ಯಜಮಾನ್ರೇ."

"ಕೂದ್ಲು ಅಂತ ನಂಗೂ ಕಾಣುತ್ತೆ. ನಿಮಗೆ ಗೊತ್ತಿಲ್ಲ ಅಂತ ಮಾತ್ರ ಹೇಳ್ಬೇಡಿ. ಕುದುರೆ ಸಾಕೋರು ನೀವು."

ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರು ಹತ್ತು ಹನ್ನೆರಡು ಜನ ಸುತ್ತ ನಿಂತಿದ್ದರು. ಯಜಮಾನರು ದನಿ ಏರಿಸದೆ ಅವರಿಗೂ ಹೇಳಿದರು. ಕಣ್ಣೀರು ಹರಿಯುವ ದಾರಿ, ಹತ್ತಿದವರ ಮನೆ, ಎಲ್ಲ. ನಾನು ಮಾರುವವನಿಗೆ ಹೇಳಿದ್ದ ಮಾತುಗಳೇ, ಹೆಚ್ಚುಕಡಿಮೆ ಅದೇ ಕ್ರಮದಲ್ಲಿ. ನನಗಿಂತ ಚೆನ್ನಾಗಿ ಹೇಳಿದರು, ಯಾಕೆಂದರೆ ಅವರು ನಂಬಿದ್ದರು.

ಮನುಷ್ಯರ ತಲೇಲೂ ಸುಳಿ ಇರುತ್ತೆ, ಇದೆಲ್ಲ ಹಳೇ ಕಾಲದ ಮಾತು ಅಂತ ನಾನು ವಾದಕ್ಕೆ ಇಳಿದೆ. ಮಾತಾಡುತ್ತಾ ಮಾತಾಡುತ್ತಾ ತಲೆ ಕಲಸಿಹೋಯಿತು. ಐದು ತಿಂಗಳ ಹಿಂದೆ ಇದಕ್ಕೆ ಪೂರಾ ಎದುರಿನ ಮಾತನ್ನು ಇಷ್ಟೇ ಜೋರಾಗಿ ಆಡಿದವನು ನಾನು. ಎರಡರಲ್ಲಿ ಯಾವಾಗ ಸುಳ್ಳು ಹೇಳಿದ್ದೆ?

ಒಬ್ಬ ತಂದೆ, "ನಮಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಸರ್. ಆದ್ರೂ ಯಾಕೆ ಸುಮ್ನೆ," ಅಂತ ಮಗನನ್ನು ಶಿಬಿರದ ಕರಾಟೆ ತರಗತಿ ಕಡೆ ಕರೆದುಕೊಂಡು ಹೋದರು. ನಂಬಿಕೆ ಇಲ್ಲದವರೇ ಒಬ್ಬೊಬ್ಬರಾಗಿ ಹೋದರು. ಎರಡು ದಿನದಲ್ಲಿ ಸವಾರಿಯ ಸಾಲು ಖಾಲಿ.

"ಶನಿವಾರದೊಳಗೆ ಬೇರೆ ಕುದುರೆ ತನ್ನಿ ಮಾರಾಯ್ರೇ, ಇಲ್ಲಾಂದ್ರೆ ಸವಾರಿ ನಿಲ್ಲಿಸಿಬಿಡೋಣ," ಅಂದರು ಮೇಡಂ.

ನಿಲ್ಲುವುದು ಶಿಬಿರದ ಸವಾರಿ ಒಂದೇ ಅಲ್ಲ. ಕಣ್ಣೀರಿನ ಸುಳಿ ಅಂತ ಊರಲ್ಲಿ ಹೆಸರು ಬಿದ್ದ ಕುದುರೆಯನ್ನು ಮದುವೆಗೆ ಯಾರು ಕರೀತಾರೆ, ಯಾರು ಕೊಳ್ತಾರೆ? ಯಾರಿಗೂ ಬೇಡವಾದ ಕುದುರೆ ಕೊನೆಗೆ ಯಾವ ಕಟುಕನ ಗಾಡಿ ಹತ್ತುತ್ತೆ ಅನ್ನುವುದು ಈ ವ್ಯವಹಾರದವರಿಗೆ ಗೊತ್ತು. ಟ್ರಿಮ್ಮರ್ ಹಿಡಿದು ಶೆಡ್ಡಿಗೆ ಹೋದದ್ದೂ ನಿಜ. ಕುದುರೆ ಕಣ್ಣು ಮುಚ್ಚಿ ಮುಖ ಒಪ್ಪಿಸಿ ನಿಂತಿತು. ಆದರೆ ಅಷ್ಟು ಜಾಗ ಬೋಳಿಸಿದರೆ ದೂರದಿಂದಲೇ ಎದ್ದು ಕಾಣುತ್ತಿತ್ತು. ಟ್ರಿಮ್ಮರ್ ಜೇಬಿಗೆ ಹಾಕಿಕೊಂಡು ಬಂದೆ.

ಶುಕ್ರವಾರ ನಾನು ಕೇಳಿಕೊಂಡದ್ದಕ್ಕೆ ಮೇಡಂ ಪೋಷಕರನ್ನೆಲ್ಲ ಕೂಡಿಸಿದರು. ಹತ್ತು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ, ಇಬ್ಬರು ಮೂವರು ತಲೆಯಾಡಿಸಿದ್ದೂ ಕಂಡಿತು. ಯಜಮಾನರು ಪೂರ್ತಿ ಕೇಳಿದರು.

"ಮಾತು ಚೆನ್ನಾಗಿದೆ. ಮಕ್ಕಳಿದಾರಾ ಸಾಬ್ರೇ?"

"ಒಬ್ಬಳು ಮಗಳು. ಹತ್ತು ವರ್ಷ."

"ಕುದುರೆ ಬಂದು ಐದು ತಿಂಗಳು ಅಂದ್ರಲ್ಲ. ಎಷ್ಟು ಸಲ ಹತ್ತಿದಾಳೆ?"

ಒಂದು ಸಲವೂ ಹತ್ತಿರಲಿಲ್ಲ. ಇದು ನನಗೆ ಆ ನಿಮಿಷದವರೆಗೂ ಗೊತ್ತಿರಲಿಲ್ಲ. ಅಂದರೆ, ಗೊತ್ತಿತ್ತು, ಅದರ ಅರ್ಥ ಏನು ಅಂತ ನೋಡಿರಲಿಲ್ಲ. "ನಾಳೆ ಹತ್ತುತ್ತಾಳೆ," ಅಂದುಬಿಟ್ಟೆ.

ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ಹೆಂಡತಿ ಹಿಟ್ಟು ನಾದುತ್ತಿದ್ದಳು. "ನೀವು ನಂಬ್ತೀರಾ, ನಂಬಲ್ವಾ?" ಅಂತ ಕೇಳಿದಳು.

"ನಂಬಲ್ಲ."

"ಹಾಗಾದ್ರೆ ಇವಳು ಹತ್ತಿಸಿ ಅಂತ ಕೇಳಿದಾಗೆಲ್ಲ ಕಾಲು ಎಟುಕಲ್ಲ ಅಂತ ಯಾಕೆ ಕಳಿಸಿದ್ರಿ?"

"ಆಯ್ತು, ನಂಬ್ತೀನಿ ಅಂತಾನೇ ಇಟ್ಕೋ."

"ಹಾಗಾದ್ರೆ ಊರ ಮಕ್ಕಳನ್ನ ಯಾಕೆ ಹತ್ತಿಸಿದ್ರಿ?"

ಮಗಳು ಪುಸ್ತಕದಿಂದ ತಲೆ ಎತ್ತದೆ ನನ್ನನ್ನು ಕರೆದು, "ಅಬ್ಬಾ, ಕ್ಯಾಂಪಲ್ಲಿ ಏಳು ವರ್ಷದವರೂ ಇದಾರೆ ಅಂದಿದ್ರಿ. ಅವರ ಕಾಲು ಎಟುಕುತ್ತಾ?" ಅಂದಳು.

ಎದುರಿನವರು ಎರಡು ಕಡೆಯಿಂದ ಹಿಡಿದರೆ ಮೂರನೇ ದಾರಿ ತೆಗೀಬೇಕು ಅಂತ ನಾನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೀನಿ. ಆವತ್ತು ಮೂರನೇ ದಾರಿ ಹೊಳೆಯಲಿಲ್ಲ. ಹೆಂಡತಿಗೆ ಸುಳಿಯ ಹೆದರಿಕೆ ಇತ್ತಾ? ಅದೂ ತಿಳಿಯಲಿಲ್ಲ. ಬೆಳಿಗ್ಗೆ ಮಗಳ ಜಡೆಯನ್ನು ಎಂದಿಗಿಂತ ಬಿಗಿಯಾಗಿ ಹಾಕಿ ಕಳಿಸಿದಳು.

ಮೈದಾನದಲ್ಲಿ ಜನ ಸೇರಿದ್ದರು. ಮಗಳನ್ನು ಹತ್ತಿಸಿದೆ. ಕಾಲು ಸರಿಯಾಗಿ ಎಟುಕಿತು. ಕುದುರೆ ನಡೆಯತೊಡಗಿತು. ಅರ್ಧ ಸುತ್ತು ಆಗಿರಬೇಕು, ಮಗಳು ಮೆಲ್ಲಗೆ, "ಅಬ್ಬಾ, ಕೈ ತೆಗೀರಿ. ಅದಕ್ಕೆ ಕಣ್ಣು ಕಾಣ್ತಿಲ್ಲ," ಅಂದಳು.

ನೋಡಿಕೊಂಡರೆ ನಾನು ಮೈದಾನದ ನಡುವೆ ಇರಲಿಲ್ಲ. ಕುದುರೆಯ ಎಡಕ್ಕೆ ಅಂಟಿಕೊಂಡು ನಡೆಯುತ್ತಿದ್ದೆ, ಅಂಗೈಯಿಂದ ಅದರ ಸುಳಿ ಒತ್ತಿ ಹಿಡಿದುಕೊಂಡು, ಬೆರಳು ಕಣ್ಣಿಗೆ ಅಡ್ಡವಾಗಿ. ಯಾವಾಗ ಇಟ್ಟೆನೋ ಆ ಕೈ. ಬೇರೆ ಒಂದು ಮಗುವಿಗೂ ಹೀಗೆ ಮಾಡಿರಲಿಲ್ಲ.

ಕೈ ತೆಗೆದೆ. ಹಗ್ಗ ಬಿಡುತ್ತಾ ಬಿಡುತ್ತಾ ಹಿಂದೆ ಸರಿದು ನಡುವೆ ಬಂದು ನಿಂತೆ. ಮಗಳು ಮೂರು ಸುತ್ತು ಹಾಕಿದಳು. ಏನೂ ಆಗಲಿಲ್ಲ. ಇಳಿದು ನೀರು ಕೇಳಿದಳು.

ಯಜಮಾನರು ಹತ್ತಿರ ಬಂದರು. "ನೀವೂ ನಂಬ್ತೀರಿ," ಅಂದರು.

ನಾನು ಹಗ್ಗ ಸುತ್ತಿಕೊಳ್ಳತೊಡಗಿದೆ.

"ನಂಬದೋನು ಮಗಳನ್ನ ಕೂರಿಸಿದ್ರೆ ನಾನು ಲೆಕ್ಕಕ್ಕೇ ತಗೊಳ್ತಿರ್ಲಿಲ್ಲ. ಅವನಿಗೇನು ಕಷ್ಟ? ಹೆದರಿಕೆ ಇಟ್ಕೊಂಡೂ ಕೂರಿಸಿದ್ರಲ್ಲ, ಸಾಕು," ಅಂದು ಹಿಂದೆ ನಿಂತಿದ್ದ ಮೊಮ್ಮಗಳ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ಕಳಿಸಿದರು. ಅವಳ ಹಿಂದೆ ಇನ್ನಿಬ್ಬರು ಮಕ್ಕಳು ಬಂದು ಸಾಲು ನಿಂತರು. ಮೇಡಂ ದೂರದಿಂದಲೇ ಆಯ್ತು ಅನ್ನುವ ಹಾಗೆ ಕೈಯಾಡಿಸಿದರು.

ಕುದುರೆ ಉಳಿಯಿತು. ನಾನು ಒಂದು ಮಾತೂ ಆಡದೆ ಒಪ್ಪಿದ ಗಿರಾಕಿ ಜೀವಮಾನದಲ್ಲಿ ಅವರೊಬ್ಬರೇ. ಸಂತೋಷ ಆಗಬೇಕಿತ್ತು. ಇನ್ನೊಂದು ದಿನ ಯೋಚನೆ ಮಾಡಿ ಯಜಮಾನ್ರೇ, ಅವಸರ ಏನಿಲ್ಲ ಅಂತ ಹೇಳಬೇಕು ಅನ್ನಿಸುತ್ತಿತ್ತು. ವ್ಯಾಪಾರ ಮುಗಿದ ಮೇಲೆ ಹಾಗನ್ನುವ ವ್ಯಾಪಾರಿಯನ್ನು ನಾನೆಲ್ಲೂ ಕಂಡಿಲ್ಲ. ಹುಡುಗಿ ಮೊಣಕೈಗೆ ಹಚ್ಚಿದ ಪಟ್ಟಿ ಸಮೇತ ಎರಡೂ ಕೈ ಮೇಲೆತ್ತಿ ಕಾಯುತ್ತಿದ್ದಳು. ಎತ್ತಿ ಕೂರಿಸಿದೆ.